ಜಪಾನಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ: ಸಂದರ್ಶನಕ್ಕೆ ಕೂರುವ ಮೊದಲು, ಕೂತಾಗ, ಎದ್ದ ಮೇಲೆ

ನನ್ನ ಮೊದಲ ಸಂದರ್ಶನ ಐದನೇ ನಿಮಿಷಕ್ಕೇ ಮುಗಿದುಹೋಗಿತ್ತು. ಉಳಿದ ಇಪ್ಪತ್ತೈದು ನಿಮಿಷ ಅವರು ಮರ್ಯಾದೆಗೆ ಮಾತಾಡಿದರು, ಅಷ್ಟೇ.

ಬೆಳಗ್ಗೆ ಆರೂವರೆ. ಜಪಾನಿನಲ್ಲಿ ಆಗ ಹತ್ತು ಗಂಟೆ. "ಐದನೇ ಕ್ಲಾಸಿನ ಮಕ್ಕಳಿಗೆ 'ಕ್ಯಾನ್' ಕಲಿಸಿ ತೋರಿಸಿ" ಅಂದರು. ನಾನು ಬೋರ್ಡಿನ ಮುಂದೆ ನಿಂತು "ಕ್ಯಾನ್ ಈಸ್ ಎ ಮೋಡಲ್ ವರ್ಬ್" ಅಂತ ಶುರು ಮಾಡಿದೆ. ಪರದೆಯ ಆಚೆಗಿದ್ದ ಮೇಡಂ ಮಗುವಿನ ಹಾಗೆ ತಲೆ ವಾಲಿಸಿ "ವಾಕರನಾಯ್" ಅಂದರು. ಅರ್ಥ ಆಗ್ತಿಲ್ಲ ಅಂತ. ನಾನು ಅದನ್ನೇ ಇನ್ನೂ ಜೋರಾಗಿ, ಇನ್ನೂ ವೇಗವಾಗಿ ಹೇಳಿದೆ.

ಆಮೇಲೆ ಅಲ್ಲಿಗೆ ಹೋಗಿ ಮೂರು ವರ್ಷ ಪಾಠ ಮಾಡಿದ ಮೇಲೆ ಗೊತ್ತಾಯಿತು, ಆವತ್ತು ಅವರು ನನ್ನ ಇಂಗ್ಲಿಷನ್ನು ಪರೀಕ್ಷೆ ಮಾಡುತ್ತಲೇ ಇರಲಿಲ್ಲ. ಅದು ಅರ್ಜಿ ನೋಡಿದಾಗಲೇ ಗೊತ್ತಾಗಿರುತ್ತದೆ. ಬೇರೊಬ್ಬರ ಕ್ಲಾಸಿನಲ್ಲಿ, ಬೇರೊಬ್ಬರ ಸ್ಟಾಫ್ ರೂಮಿನಲ್ಲಿ ಈ ಮನುಷ್ಯನನ್ನು ನಂಬಿ ಬಿಡಬಹುದಾ ಅಂತ ಅವರು ನೋಡುತ್ತಾರೆ. ಕೆಳಗಿನ ತಯಾರಿಯೆಲ್ಲ ಆ ಪ್ರಶ್ನೆಗೆ.

ಹೆಜ್ಜೆ 1: ಯಾವ ಬಾಗಿಲು ಅಂತ ಮೊದಲು ನೋಡಿಕೊಳ್ಳಿ

"ಜಪಾನಿನಲ್ಲಿ ಇಂಗ್ಲಿಷ್ ಟೀಚರ್" ಅನ್ನುವುದು ಒಂದೇ ಕೆಲಸವಲ್ಲ. ಸಂದರ್ಶನವೂ ಒಂದೇ ಥರ ಇರುವುದಿಲ್ಲ.

ಮೊದಲನೆಯದು ಜೆಟ್. 1987ರಲ್ಲಿ ಶುರುವಾದ ಜಪಾನ್ ಸರ್ಕಾರದ ಯೋಜನೆ. ಆಯ್ಕೆಯಾದವರಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆಗಳಲ್ಲಿ ಎಎಲ್‌ಟಿ, ಅಂದರೆ ಜಪಾನಿ ಶಿಕ್ಷಕರ ಜೊತೆ ನಿಂತು ಕಲಿಸುವ ಸಹಾಯಕ ಶಿಕ್ಷಕರಾಗುತ್ತಾರೆ. ಒಂದು ವರ್ಷದ ಒಪ್ಪಂದ, ಹೆಚ್ಚೆಂದರೆ ಐದು ವರ್ಷ. 2025ರಿಂದ ಮೊದಲ ವರ್ಷದ ಸಂಬಳ 40.2 ಲಕ್ಷ ಯೆನ್. ಅರ್ಜಿ ಹಾಕುವುದು ನಿಮಗೆ ಪೌರತ್ವ ಇರುವ ದೇಶದ ಜಪಾನ್ ರಾಯಭಾರ ಕಚೇರಿಯ ಮೂಲಕ. ಭಾರತದಿಂದ ಹೋಗುವವರು ಬೆರಳೆಣಿಕೆ, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಪೌರತ್ವ ಇರುವ ನಮ್ಮವರ ಮಕ್ಕಳಿಗೆ ಮಾತ್ರ ಇದು ನಿಜಕ್ಕೂ ಒಳ್ಳೆ ದಾರಿ.

ಎರಡನೆಯದು ಕಂಪನಿಗಳ ಮೂಲಕ ಎಎಲ್‌ಟಿ ಆಗುವುದು. ಇಂಟರಾಕ್, ಬಾರ್ಡರ್‌ಲಿಂಕ್, ಆಲ್ಟಿಯಾ ಸೆಂಟ್ರಲ್‌ನಂಥ ಕಂಪನಿಗಳು ಶಾಲೆಗಳಿಗೆ ಜನರನ್ನು ಕಳಿಸುತ್ತವೆ. ಕೆಲಸ ಹೆಚ್ಚು ಕಡಿಮೆ ಅದೇ, ಸಂಬಳ ಕಡಿಮೆ. ಮೂರನೆಯದು ಎಯ್‌ಕಾಯ್ವಾ, ಅಂದರೆ ಇಂಗ್ಲಿಷ್ ಮಾತು ಕಲಿಸುವ ಖಾಸಗಿ ಶಾಲೆ. ಏಯಾನ್, ಇಸಿಸಿ, ಬರ್ಲಿಟ್ಜ್ ಈ ಥರದವು. ಮಧ್ಯಾಹ್ನ ಶುರುವಾಗಿ ರಾತ್ರಿ ಒಂಬತ್ತರವರೆಗೂ ಪಾಠ ಇರುತ್ತದೆ. ಕಲಿಯಲು ಬರುವವರು ಕಂಪನಿ ನೌಕರರು, ಮಕ್ಕಳು, ನಿವೃತ್ತರು. ಇಲ್ಲಿ ವಿದ್ಯಾರ್ಥಿ ಎಂದರೆ ಗ್ರಾಹಕ, ಹಾಗಾಗಿ ಸಂದರ್ಶನದಲ್ಲಿ ನಗುಮುಖಕ್ಕೆ ಅಂಕ ಜಾಸ್ತಿ.

ನಾಲ್ಕನೆಯದು ನಮ್ಮವರಿಗೆ ಬಹಳ ಹತ್ತಿರದ್ದು. ಗಂಡನಿಗೋ ಹೆಂಡತಿಗೋ ಟೋಕಿಯೋದಲ್ಲಿ ಐಟಿ ಕೆಲಸ ಸಿಕ್ಕು ಡಿಪೆಂಡೆಂಟ್ ವೀಸಾದಲ್ಲಿ ಹೋದವರು ಇಮಿಗ್ರೇಷನ್‌ನಿಂದ ಅನುಮತಿ ಪಡೆದು ವಾರಕ್ಕೆ 28 ಗಂಟೆಯವರೆಗೆ ಕೆಲಸ ಮಾಡಬಹುದು. ಭಾರತೀಯರು ಹೆಚ್ಚಿರುವ ನಿಶಿ-ಕಸಾಯ್ ಕಡೆ ಇಂಗ್ಲಿಷ್ ಪ್ರೀಸ್ಕೂಲ್‌ಗಳಲ್ಲಿ ಕಲಿಸುವವರಲ್ಲಿ ಹೀಗೆ ಸೇರಿದವರೂ ಇದ್ದಾರೆ. ಜಾಹೀರಾತಿನಲ್ಲಿ "ಈಗಾಗಲೇ ಜಪಾನಿನಲ್ಲಿ ಇರುವವರಿಗೆ ಮಾತ್ರ" ಅಂತ ಇದ್ದರೆ ಇಲ್ಲಿಂದ ಅರ್ಜಿ ಹಾಕಿ ಸಮಯ ಹಾಳು ಮಾಡಿಕೊಳ್ಳಬೇಡಿ. ಅಲ್ಲೇ ಇರುವವರಿಗೆ ಅದು ನಿಮ್ಮದೇ ಜಾಹೀರಾತು.

ಒಂದು ಎಚ್ಚರಿಕೆ. ಕೆಲಸ ಕೊಡಿಸುತ್ತೇವೆ, ಇಷ್ಟು ಲಕ್ಷ ಕಟ್ಟಿ ಅನ್ನುವವರ ಹತ್ತಿರ ಹೋಗಬೇಡಿ. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ ಅನ್ನುವವರ ಹತ್ತಿರವಂತೂ ಬೇಡವೇ ಬೇಡ.

ಹೆಜ್ಜೆ 2: ಹನ್ನೆರಡು ವರ್ಷದ ಲೆಕ್ಕ

ಬಹಳ ಜನ ಎಡವುವುದು ಇಲ್ಲೇ. ಸಂದರ್ಶನದಲ್ಲಿ ಚೆನ್ನಾಗಿ ಮಾಡಿ, ಆಮೇಲೆ ಕಾಗದದಲ್ಲಿ ಬಿದ್ದುಹೋಗುತ್ತಾರೆ.

ಶಾಲೆಯಲ್ಲಿ ಕಲಿಸಲು ಬೇಕಾದ 'ಇನ್‌ಸ್ಟ್ರಕ್ಟರ್' ವೀಸಾಕ್ಕೆ ಪದವಿ ಇದ್ದರೆ ಸಾಲದು. ಯಾವ ಭಾಷೆ ಕಲಿಸುತ್ತೀರೋ ಆ ಭಾಷೆಯ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಓದಿರಬೇಕು ಅಂತ ನಿಯಮ ಇದೆ. ಇಂಗ್ಲಿಷನ್ನು ಒಂದು ವಿಷಯವಾಗಿ ಓದಿದ್ದು ಲೆಕ್ಕಕ್ಕಿಲ್ಲ. ಎಯ್‌ಕಾಯ್ವಾಗಳು ಬೇರೆ ಬಗೆಯ ವೀಸಾ ಮಾಡಿಸುತ್ತವೆ, ಆದರೂ ಸಾಮಾನ್ಯವಾಗಿ ಇದೇ ಲೆಕ್ಕ ಕೇಳುತ್ತವೆ.

ಈಗ ನಮ್ಮ ಕಡೆಯ ಲೆಕ್ಕ ಹಾಕಿ ನೋಡಿ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಆದರೆ ಪಿಯುಸಿ ಮುಗಿಯುವಷ್ಟರಲ್ಲಿ 12 ಆಯಿತು, ಚಿಂತೆ ಇಲ್ಲ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಐದರಿಂದ ಇಂಗ್ಲಿಷಿಗೆ ಬಂದವರಿಗೆ ಹೈಸ್ಕೂಲ್ ಮುಗಿದಾಗ 6, ಪಿಯುಸಿ ಸೇರಿಸಿ 8, ಮೂರು ವರ್ಷದ ಪದವಿ ಸೇರಿಸಿ 11. ಒಂದು ವರ್ಷ ಕಡಿಮೆ! ಬಿಇ ಅಥವಾ ಎಂಎ ಇದ್ದರೆ ದಾಟುತ್ತದೆ. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರಿಗೆ ಎಂಎ ಸೇರಿಸಿದರೂ 10 ಬರುತ್ತದೆ. ಇದು ನ್ಯಾಯವಲ್ಲ ಅನ್ನಿಸಬಹುದು. ಕನ್ನಡ ಶಾಲೆಯಲ್ಲಿ ಓದಿ ನನಗಿಂತ ಚೆನ್ನಾಗಿ ಇಂಗ್ಲಿಷ್ ಕಲಿಸುವವರು ನನಗೇ ಗೊತ್ತು. ಆದರೆ ಇಮಿಗ್ರೇಷನ್‌ನವರು ನೋಡುವುದು ಕಾಗದ ಮಾತ್ರ.

ಹಾಗಾಗಿ ಅರ್ಜಿಗೆ ಮುಂಚೆಯೇ ಓದಿದ ಶಾಲೆ, ಕಾಲೇಜುಗಳಿಗೆಲ್ಲ ಹೋಗಿ ಸ್ಟಡಿ ಸರ್ಟಿಫಿಕೇಟ್ ಮಾಡಿಸಿ. ಅದರಲ್ಲಿ ಯಾವ ವರ್ಷದಿಂದ ಯಾವ ವರ್ಷ, ಯಾವ ಕ್ಲಾಸು, ಬೋಧನಾ ಮಾಧ್ಯಮ ಇಂಗ್ಲಿಷ್ ಅಂತ ಸ್ಪಷ್ಟವಾಗಿ ಇರಲಿ. ಸರ್ಟಿಫಿಕೇಟೇ ಇಂಗ್ಲಿಷಿನಲ್ಲಿ ಇರಲಿ. ಇಲ್ಲದಿದ್ದರೆ ಅನುವಾದದ ರಗಳೆ. ಬೇಸಿಗೆ ರಜೆಯಲ್ಲಿ ಹೋದರೆ ಕ್ಲರ್ಕ್ ಸಿಗುವುದಿಲ್ಲ. ಪದವಿಯದು ಘಟಿಕೋತ್ಸವದ ಸರ್ಟಿಫಿಕೇಟೇ ಬೇಕಾಗುತ್ತದೆ, ಅದಿನ್ನೂ ಯೂನಿವರ್ಸಿಟಿಯಲ್ಲೇ ಇದ್ದರೆ ಈಗಲೇ ಅರ್ಜಿ ಕೊಡಿ.

ಹೆಜ್ಜೆ 3: ಸಮಯ, ಕರೆಂಟು, ಅಂಗಿ

ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರು. ಕಂಪನಿಗಳು ಅದರ ಹಿಂದಿನ ಶರತ್ಕಾಲದಿಂದಲೇ ಸಂದರ್ಶನ ಮಾಡುತ್ತವೆ. ಜೆಟ್ ಸಂದರ್ಶನ ಸಾಮಾನ್ಯವಾಗಿ ವರ್ಷದ ಮೊದಲೆರಡು ತಿಂಗಳಲ್ಲಿ, ಹೋಗುವುದು ಜುಲೈ ಕೊನೆ, ಆಗಸ್ಟ್ ಹೊತ್ತಿಗೆ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅವರ ಒಂಬತ್ತು ಎಂದರೆ ನಮ್ಮ ಐದೂವರೆ. ಮೇಲ್‌ನಲ್ಲಿ ಬರೆದ ಸಮಯ ಯಾವ ದೇಶದ್ದು ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಕೇಳಿದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ, ಎರಡು ನಿಮಿಷ ತಡವಾದರೆ ಮಾತ್ರ ಖಂಡಿತ ತಿಳಿಯುತ್ತಾರೆ. ಐದು ನಿಮಿಷ ಮುಂಚೆ ಲಿಂಕ್ ಒತ್ತಿ ಕಾಯಿರಿ. ಯುಪಿಎಸ್ ಇಲ್ಲದಿದ್ದರೆ ಇರುವ ಮನೆಗೆ ಹೋಗಿ, ಫೋನಿನ ಹಾಟ್‌ಸ್ಪಾಟ್ ತಯಾರಿರಲಿ. ಕುಕ್ಕರ್ ಕೂಗುವ ಹೊತ್ತು ಅದು, ಮನೆಯವರಿಗೆ ಹೇಳಿಟ್ಟಿರಿ.

ಕಪ್ಪು ಅಥವಾ ಕಡುನೀಲಿ ಕೋಟು, ಬಿಳಿ ಅಂಗಿ. ಬಣ್ಣದ ಸೀರೆ ಚೆಂದವೇ, ಆದರೆ ಅದನ್ನು ಶಾಲೆಯ ಕಲ್ಚರ್ ಡೇಗೆ ಇಟ್ಟುಕೊಳ್ಳಿ. ಜಪಾನಿನಲ್ಲೇ ನೇರ ಸಂದರ್ಶನವಾದರೆ ಚಪ್ಪಲಿ ಕಳಚಬೇಕಾಗಿ ಬರಬಹುದು, ಕಾಲುಚೀಲದ ಹೆಬ್ಬೆರಳು ನೋಡಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಮಾತು ಕೇಳಿಸಿಕೊಳ್ಳುವಾಗ ನಾವು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತೇವೆ, ಅಲ್ವಾ? ನಮಗೆ ಅದು "ಹಾಂ, ಸರಿ". ಅವರಿಗೆ ಅದು "ಇಲ್ಲ" ಅಥವಾ "ಯಾಕೋ ಅನುಮಾನ". ಮೇಲೆ ಕೆಳಗೆ ಆಡಿಸುವುದನ್ನು ಕನ್ನಡಿ ಮುಂದೆ ರೂಢಿ ಮಾಡಿಕೊಳ್ಳಿ. ನಗಬೇಡಿ, ನಾನು ಮಾಡಿದ್ದೇನೆ.

ಹೆಜ್ಜೆ 4: ಉಚ್ಚಾರಣೆ

ಅಮೆರಿಕದವರ ಹಾಗೆ ನಾಲಿಗೆ ತಿರುಚಲು ಹೋಗಬೇಡಿ. ಮೂರನೇ ನಿಮಿಷಕ್ಕೆ ಬಣ್ಣ ಬಿಡುತ್ತದೆ. ಅವರಿಗೆ ಬೇಕಿರುವುದು ನಿಧಾನ ಮತ್ತು ಸ್ಪಷ್ಟತೆ. ನಮ್ಮ ದೊಡ್ಡ ತೊಂದರೆ ವೇಗ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಅದರ ಮುಕ್ಕಾಲು ವೇಗಕ್ಕೆ ಇಳಿಸಿ.

ಕನ್ನಡದವರು ನಿರ್ದಿಷ್ಟವಾಗಿ ನೋಡಿಕೊಳ್ಳಬೇಕಾದ್ದು ಮೂರಿವೆ. 'ಎಗ್' ಅನ್ನುವುದು 'ಯೆಗ್' ಆಗುತ್ತದೆ, 'ಓನ್ಲಿ' ಅನ್ನುವುದು 'ವೋನ್ಲಿ' ಆಗುತ್ತದೆ. 'ವೈನ್' (wine) ಮತ್ತು 'ವೆಸ್ಟ್' (vest) ಎರಡರ ಮೊದಲ ಅಕ್ಷರವನ್ನೂ ಒಂದೇ 'ವ'ದಲ್ಲಿ ಮುಗಿಸುತ್ತೇವೆ, ಒಂದಕ್ಕೆ ತುಟಿ ದುಂಡಗಾಗಬೇಕು, ಇನ್ನೊಂದಕ್ಕೆ ಹಲ್ಲು ತಾಗಬೇಕು. 'ಥ್ರೀ'ಯಲ್ಲಿ ಗಾಳಿ ಬಿಡುವುದಿಲ್ಲ. ಇಷ್ಟು ಸರಿ ಮಾಡಿಕೊಂಡರೆ ಸಾಕು.

ಇದರ ಇನ್ನೊಂದು ಮಗ್ಗುಲನ್ನು ಸಂದರ್ಶನದಲ್ಲಿ ಹೇಳಲೇಬೇಕು. ಜಪಾನಿ ಮಗು 'ಬಸ್' ಅನ್ನಲು ಹೋಗಿ 'ಬಸು' ಅನ್ನುತ್ತದೆ, 'ಮಿಲ್ಕ್' ಅನ್ನಲು ಹೋಗಿ 'ಮಿರುಕು' ಅನ್ನುತ್ತದೆ. ಇಂಗ್ಲಿಷ್ ಮನೆಮಾತಾದವನಿಗೆ ಇದು ವಿಚಿತ್ರ. ನಮಗೆ? ನಾವೂ ಬಸ್ಸು, ಕಾರು, ಬ್ಯಾಂಕು ಅನ್ನುವವರೇ! ಪದದ ಕೊನೆಗೆ ಸ್ವರ ಬೇಕು ಅನ್ನುವ ಅದೇ ಅಭ್ಯಾಸ. ವಾಕ್ಯವೂ ಅಷ್ಟೇ. "ನಾನು ಶಾಲೆಗೆ ಹೋಗುತ್ತೇನೆ", "ವಾತಾಶಿ ವಾ ಗಕ್ಕೋ ನಿ ಇಕಿಮಾಸು". ಪದಗಳ ಸಾಲು ಒಂದೇ, ಕ್ರಿಯಾಪದ ಕೊನೆಗೆ, ನಮ್ಮ '-ಗೆ' ಇರುವಲ್ಲಿ ಅವರ 'ನಿ'. ಇಂಗ್ಲಿಷ್ ಬರೆಯುವಾಗ ಆ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನಮಗೆ ಮುಂಚೆಯೇ ಗೊತ್ತಿರುತ್ತದೆ, ಯಾಕೆಂದರೆ ನಾವೂ ಅಲ್ಲೇ ಎಡವಿದ್ದೆವು.

"ಇಂಗ್ಲಿಷ್ ನಿಮ್ಮ ಮಾತೃಭಾಷೆ ಅಲ್ಲವಲ್ಲ?" ಅಂತ ಕೇಳಿದಾಗ ಮುದುಡಿಕೊಳ್ಳಬೇಡಿ. "ಅಲ್ಲ, ಮನೆಯಲ್ಲಿ ಕನ್ನಡ. ಇಂಗ್ಲಿಷನ್ನು ಕಲಿತೇ ಬಂದವನು ನಾನು" ಅಂತ ಹೇಳಿ ಈ ಬಸ್ಸಿನ ಉದಾಹರಣೆ ಕೊಡಿ. ಎರಡನೇ ಸಂದರ್ಶನದಲ್ಲಿ ನಾನು ಇದನ್ನು ಹೇಳಿದಾಗ ಅವರು ಮೊದಲ ಸಲ ಪೆನ್ನು ಎತ್ತಿಕೊಂಡು ಏನೋ ಬರೆದುಕೊಂಡರು.

ಹೆಜ್ಜೆ 5: ಐದು ನಿಮಿಷದ ಪಾಠ

ನಿಮ್ಮ ತಯಾರಿಯ ಅರ್ಧ ಸಮಯ ಇದಕ್ಕೇ ಹೋಗಲಿ. ಜಪಾನಿನಲ್ಲಿ 2020ರಿಂದ ಐದು, ಆರನೇ ಕ್ಲಾಸಿಗೆ ಇಂಗ್ಲಿಷ್ ಅಧಿಕೃತ ವಿಷಯ. ಮೂರು, ನಾಲ್ಕನೇ ಕ್ಲಾಸಿನಲ್ಲಿ ಆಟ, ಮಾತಿನ ಚಟುವಟಿಕೆ ಇರುತ್ತದೆ. ಸಂದರ್ಶನದಲ್ಲಿ ಕೊಡುವ ವಿಷಯವೂ ಅದೇ ಮಟ್ಟದ್ದು: ಬಣ್ಣ, ಹವಾಮಾನ, 'ಐ ಲೈಕ್', 'ಕ್ಯಾನ್'. ಸಂದರ್ಶಕರೇ ಮಕ್ಕಳಾಗಿ ಕೂರುತ್ತಾರೆ. ಸುಮ್ಮನೆ ಕೂರುವ ಮಗುವಾಗಿಯೂ ನಟಿಸಬಹುದು, ತಪ್ಪು ಹೇಳುವ ಮಗುವಾಗಿಯೂ.

ನಾನು ಕೆಟ್ಟದಾಗಿ ಮಾಡಿದ 'ಕ್ಯಾನ್' ಪಾಠವನ್ನೇ ಸರಿಯಾಗಿ ಹೇಗೆ ಮಾಡಬಹುದು ನೋಡೋಣ.

ಮೊದಲ ಅರ್ಧ ನಿಮಿಷ: "ಹಲೋ ಎವ್ರಿವನ್!" ಅನ್ನಿ. ಅಂದು ನಿಲ್ಲಿಸಿ. ಉತ್ತರ ಬರುವವರೆಗೆ ಕಾಯಿರಿ. ನಾವು ಕಾಯುವುದಿಲ್ಲ, ಮುಂದಕ್ಕೆ ಓಡುತ್ತೇವೆ. ಮನಸ್ಸಿನಲ್ಲೇ ಐದು ಎಣಿಸಿ.

ಮುಂದಿನ ಒಂದು ನಿಮಿಷ: ಮಾತಿಲ್ಲದೆ ಅರ್ಥ ಮಾಡಿಸಿ. ಈಜುವ ಹಾಗೆ ಕೈ ಬೀಸಿ, ಹೆಬ್ಬೆರಳು ಎತ್ತಿ, "ಐ ಕ್ಯಾನ್ ಸ್ವಿಮ್". ಆಮೇಲೆ ಮುಳುಗುವ ಹಾಗೆ ಮುಖ ಮಾಡಿ, ಕೈಯನ್ನು ಅಡ್ಡಡ್ಡ ಇಟ್ಟು, "ಐ ಕಾಂಟ್ ಸ್ವಿಮ್". ಎರಡೂ ಕೈ ಅಡ್ಡ ಇಟ್ಟು ಗುಣಾಕಾರದ ಗುರುತು ಮಾಡಿದರೆ ಜಪಾನಿನಲ್ಲಿ ಮಗುವಿಗೂ ಅದು 'ಇಲ್ಲ' ಅಂತ ಗೊತ್ತು. ವ್ಯಾಕರಣದ ಹೆಸರು ಬೇಡ, ಜಪಾನಿ ಅನುವಾದವೂ ಬೇಡ.

ಆಮೇಲೆ ಒಂದೂವರೆ ನಿಮಿಷ ಹೇಳಿಸಿ. ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಅರ್ಧ ಕ್ಲಾಸು, ಕೊನೆಗೆ ಒಬ್ಬೊಬ್ಬರು. ಮೊದಲೇ ಒಬ್ಬರನ್ನು ಎಬ್ಬಿಸಿ ನಿಲ್ಲಿಸಬೇಡಿ. ತಪ್ಪಾಗಿಬಿಟ್ಟರೆ ಅನ್ನುವ ಹೆದರಿಕೆ ಅಲ್ಲಿನ ಮಕ್ಕಳಿಗೆ ಬಹಳ.

ಉಳಿದದ್ದರಲ್ಲಿ ಅವರನ್ನೇ ಮಾತಾಡಿಸಿ. "ಕ್ಯಾನ್ ಯು ಕುಕ್?" "ಯೆಸ್, ಐ ಕ್ಯಾನ್." ಮಗು "ಐ ಕ್ಯಾನ್ ಸ್ವಿಮಿಂಗ್" ಅಂದರೆ ತಪ್ಪು ಅನ್ನದೆ, "ಓ, ಯು ಕ್ಯಾನ್ ಸ್ವಿಮ್! ಗ್ರೇಟ್!" ಅಂತ ಸರಿಯಾದದ್ದನ್ನು ವಾಪಸ್ ಕೊಡಿ. ಈ ತಪ್ಪನ್ನು ಸಂದರ್ಶಕರು ಬೇಕಂತಲೇ ಮಾಡುತ್ತಾರೆ. ಐದು ನಿಮಿಷದಲ್ಲಿ ನಿಮ್ಮ ಮಾತು ಅರ್ಧಕ್ಕಿಂತ ಕಡಿಮೆ ಇರಲಿ.

ಒಂದು ನಿಜವಾದ ವಸ್ತು ಕೈಯಲ್ಲಿದ್ದರೆ ಒಳ್ಳೆಯದು. ಎರಡನೇ ಸಂದರ್ಶನಕ್ಕೆ ನಾನು ಬುಗುರಿ ಇಟ್ಟುಕೊಂಡಿದ್ದೆ. "ಐ ಕ್ಯಾನ್ ಸ್ಪಿನ್ ಎ ಟಾಪ್" ಅಂತ ಚಾಟಿ ಸುತ್ತಿ ಬಿಟ್ಟೆ. ಒಂದು ಸುತ್ತೂ ತಿರುಗದೆ ಟೇಬಲ್ ಕೆಳಗೆ ಉರುಳಿಹೋಯಿತು. ಬೇರೆ ದಾರಿ ಇಲ್ಲದೆ, ಕೈ ಅಡ್ಡ ಇಟ್ಟು, "ಓ ನೋ! ಐ ಕಾಂಟ್!" ಅಂದೆ. ಸಂದರ್ಶಕರಿಬ್ಬರೂ ನಕ್ಕರು. ಒಬ್ಬರು ತಾವಾಗಿಯೇ "ಐ ಕ್ಯಾನ್!" ಅಂದರು. ಅವರಲ್ಲೂ ಬುಗುರಿ ಇದೆ, 'ಕೊಮಾ' ಅಂತಾರೆ. ಪಾಠ ಅಲ್ಲಿಗೆ ಮುಗಿದಿತ್ತು, ಸಮಯ ಇನ್ನೂ ಒಂದು ನಿಮಿಷ ಬಾಕಿ ಇತ್ತು.

ಹೆಜ್ಜೆ 6: ಅವರ ಪ್ರಶ್ನೆಗಳು

"ಜಪಾನ್ ಯಾಕೆ?" ಖಂಡಿತ ಬರುತ್ತದೆ. ಅನಿಮೆ ಇಷ್ಟ, ಚೆರ್ರಿ ಹೂವು ಇಷ್ಟ ಅಂದರೆ ಹಾಗಾದರೆ ಟೂರಿಗೆ ಬನ್ನಿ ಅಂತ ಅವರ ಮನಸ್ಸಿನಲ್ಲಿ ಬರುತ್ತದೆ. ಇಷ್ಟ ಇದ್ದರೆ ಹೇಳಿ, ಆದರೆ ಅದನ್ನು ಕ್ಲಾಸಿಗೆ ಜೋಡಿಸಿ.

"ಜೊತೆಗಿರುವ ಜಪಾನಿ ಶಿಕ್ಷಕರು ಬೋರ್ಡಿನ ಮೇಲೆ ತಪ್ಪು ಇಂಗ್ಲಿಷ್ ಬರೆದರೆ ಏನು ಮಾಡುತ್ತೀರಿ?" ಇದು ಹಳೆಯ ಪ್ರಶ್ನೆ, ಈಗಲೂ ಕೇಳುತ್ತಾರೆ. ಮಕ್ಕಳ ಮುಂದೆ ತಿದ್ದುತ್ತೇನೆ ಅಂದರೆ ಕೆಲಸ ಹೋಯಿತು ಅಂದುಕೊಳ್ಳಿ. ಸುಮ್ಮನಿರುತ್ತೇನೆ ಅಂದರೂ ತಪ್ಪೇ. ಸಣ್ಣ ತಪ್ಪಾದರೆ ಓದಿಸುವಾಗ ನಾನು ಸರಿಯಾಗಿ ಓದುತ್ತೇನೆ, ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ಕೇಳುತ್ತೇನೆ ಅಂತ ಹೇಳಿ. ಇದರಲ್ಲಿ ಗೊತ್ತಾಗುವುದು ನಿಮ್ಮ ವ್ಯಾಕರಣವಲ್ಲ, ಹತ್ತು ವರ್ಷದಿಂದ ಅಲ್ಲಿರುವ ಮೇಷ್ಟ್ರ ಮಾನ ಉಳಿಸುತ್ತೀರಾ ಅನ್ನುವುದು.

"ಅವರು ನಿಮ್ಮನ್ನು ಟೇಪ್ ರೆಕಾರ್ಡರ್ ಥರ ಓದಿಸಲು ಮಾತ್ರ ಬಳಸಿದರೆ?" ಓದುತ್ತೇನೆ, ಜೊತೆಗೆ ಐದು ನಿಮಿಷದ ಒಂದು ಆಟ ತಯಾರು ಮಾಡಿಕೊಂಡು ಹೋಗಿ ಮಾಡಬಹುದಾ ಅಂತ ಕೇಳುತ್ತೇನೆ.

"ಹಳ್ಳಿಗೆ ಹಾಕಿದರೆ? ಹಿಮ ಬೀಳುವ ಊರಾದರೆ?" ಟೋಕಿಯೋ ಮಾತ್ರ ಅಂದರೆ ನಿಮ್ಮ ಅವಕಾಶ ಅಲ್ಲೇ ಅರ್ಧ. ಜೊತೆಗೆ "ಕಾರು ಓಡಿಸುತ್ತೀರಾ?" ಅಂತಲೂ ಕೇಳುತ್ತಾರೆ. ಅಲ್ಲೂ ನಮ್ಮ ಹಾಗೆ ಎಡಗಡೆ ಸಂಚಾರ, ಇದು ನಮಗೆ ಅನುಕೂಲ.

ಇನ್ನು ಊಟ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಜೊತೆಗೇ ಕ್ಲಾಸಿನಲ್ಲಿ ಕೂತು ಉಣ್ಣುವುದು ಎಎಲ್‌ಟಿಯ ಕೆಲಸದ ಭಾಗವೇ ಅನ್ನಬಹುದು. ಆ ಶಾಲೆಯೂಟಕ್ಕೆ 'ಕ್ಯೂಶೊಕು' ಅಂತಾರೆ. ಸಸ್ಯಾಹಾರಿಗಳಿಗೆ ಕಷ್ಟ, ಮೇಲೆ ತರಕಾರಿ ತೇಲುವ ಸಾರಿನ ಒಳಗೂ ಒಣಮೀನಿನ ರಸ ಇರುತ್ತದೆ. "ಏನಾದರೂ ತಿನ್ನುವುದಿಲ್ಲವಾ?" ಅಂತ ಕೇಳಿದಾಗ ಮುಚ್ಚಿಡಬೇಡಿ, ಉಪನ್ಯಾಸವನ್ನೂ ಕೊಡಬೇಡಿ. "ಮಾಂಸ, ಮೀನು ತಿನ್ನುವುದಿಲ್ಲ. ಡಬ್ಬಿ ನಾನೇ ತರುತ್ತೇನೆ. ಮಕ್ಕಳ ಜೊತೆಗೇ ಕೂತು ಊಟ ಮಾಡುತ್ತೇನೆ." ಮೂರು ವಾಕ್ಯ ಸಾಕು. ಅವರಿಗೆ ತೊಂದರೆ ನಿಮ್ಮ ಊಟದ ಕ್ರಮವಲ್ಲ. ಅದರಿಂದ ಶಾಲೆಗೆ ಹೆಚ್ಚಿನ ಕೆಲಸ ಬೀಳುತ್ತದಾ ಅನ್ನುವುದು.

ಹೆಜ್ಜೆ 7: ನಿಮ್ಮ ಪ್ರಶ್ನೆಗಳು

"ಏನಾದರೂ ಕೇಳುವುದಿದೆಯಾ?" ಅಂದಾಗ "ನೋ ಸರ್" ಅನ್ನಬೇಡಿ. ಮೊದಲು ಕೆಲಸದ ಬಗ್ಗೆ ಕೇಳಿ: ವಾರಕ್ಕೆ ಎಷ್ಟು ಶಾಲೆ, ಪಾಠದ ಯೋಜನೆ ಯಾರು ಬರೆಯುತ್ತಾರೆ, ತರಬೇತಿ ಎಷ್ಟು ದಿನ. ದುಡ್ಡಿನ ಪ್ರಶ್ನೆಗಳನ್ನು ಎರಡನೇ ಸುತ್ತಿಗೆ ಅಥವಾ ಆಫರ್ ಬಂದ ಮೇಲಿನ ಮೇಲ್‌ಗೆ ಇಟ್ಟುಕೊಳ್ಳಿ. ಆದರೆ ಸಹಿಗೆ ಮುಂಚೆ ಕೇಳಲೇಬೇಕು, ಬರವಣಿಗೆಯಲ್ಲೇ ಉತ್ತರ ಪಡೆಯಬೇಕು.

ತಿಂಗಳಿಗೆ ಎರಡೂ ಕಾಲು ಲಕ್ಷ ಯೆನ್ ಅಂತ ಹೇಳಿರುತ್ತಾರೆ. ಆಗಸ್ಟ್, ಡಿಸೆಂಬರ್, ಮಾರ್ಚ್‌ನಲ್ಲಿ ಶಾಲೆಗೆ ರಜೆ. ಆ ತಿಂಗಳು ಪೂರ್ತಿ ಸಂಬಳ ಇದೆಯಾ, ಕಡಿತ ಇದೆಯಾ? ಇದನ್ನು ಕೇಳದೆ ನಾನು ಮೊದಲ ಆಗಸ್ಟ್‌ನಲ್ಲಿ ಅನ್ನ, ತೊವ್ವೆ ತಿಂದುಕೊಂಡು ಕಾಲ ಹಾಕಿದೆ. ಒಪ್ಪಂದದಲ್ಲಿ ವಾರಕ್ಕೆ 29.5 ಗಂಟೆ ಅಂತ ವಿಚಿತ್ರ ಲೆಕ್ಕ ಕಂಡರೆ ನಿಲ್ಲಿ, ಅದು ವಿಮೆಯ ಪಾಲು ಕಟ್ಟದೆ ತಪ್ಪಿಸಿಕೊಳ್ಳುವ ದಾರಿ ಇರಬಹುದು. 'ಶಕಾಯ್ ಹೊಕೆನ್', ಅಂದರೆ ಆರೋಗ್ಯ ವಿಮೆ ಮತ್ತು ಪಿಂಚಣಿಯಲ್ಲಿ ಕಂಪನಿಯ ಪಾಲು, ಇದೆಯಾ ಅಂತ ನೇರವಾಗಿ ಕೇಳಿ. ಮೊದಲ ಸಂಬಳ ಯಾವಾಗ? ಏಪ್ರಿಲ್‌ನಲ್ಲಿ ಸೇರಿದರೆ ಮೇ ಕೊನೆಗೆ ಬರುವುದೂ ಉಂಟು, ಅಲ್ಲಿಯವರೆಗಿನ ಖರ್ಚು ನಿಮ್ಮದೇ. ಮನೆ ಯಾರು ನೋಡುತ್ತಾರೆ? ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಅಲ್ಲಿನ ಠೇವಣಿ ದೊಡ್ಡದಲ್ಲ, ಆದರೆ 'ರೇಕಿನ್' ಅಂತ ಮಾಲೀಕರಿಗೆ ಕೊಡುವ ಇನ್ನೊಂದು ದುಡ್ಡು ಇದೆ. ಅದು ವಾಪಸ್ ಬರುವುದಿಲ್ಲ.

ಹೆಜ್ಜೆ 8: ಆಮೇಲೆ

ಅದೇ ದಿನ ನಾಲ್ಕು ಸಾಲಿನ ಧನ್ಯವಾದದ ಮೇಲ್ ಕಳಿಸಿ. ಎರಡು ವಾರ ಸುದ್ದಿ ಇಲ್ಲದಿದ್ದರೆ ಒಂದ್ಸಲ ಕೇಳಿ, ದಿನಾ ಕೇಳಬೇಡಿ.

ಆಫರ್ ಬಂದರೆ ಅಲ್ಲಿನ ಕಚೇರಿ ನಿಮ್ಮ ಪರವಾಗಿ 'ಸಿಒಇ'ಗೆ ಅರ್ಜಿ ಹಾಕುತ್ತದೆ. ಇದು ನೀವು ಜಪಾನಿಗೆ ಬರಲು ಅರ್ಹರು ಅಂತ ಅಲ್ಲಿನ ಇಮಿಗ್ರೇಷನ್ ಕೊಡುವ ಪತ್ರ. ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. 2023ರಿಂದ ಮೇಲ್‌ನಲ್ಲೂ ಬರುತ್ತದೆ, ಹಿಂದಿನ ಹಾಗೆ ಕೊರಿಯರ್ ಕಾಯಬೇಕಿಲ್ಲ. ಬಂದ ಮೂರು ತಿಂಗಳೊಳಗೆ ವೀಸಾ ಪಡೆದು ಜಪಾನ್ ಸೇರಬೇಕು. ವೀಸಾ ಅರ್ಜಿಗೆ ದೆಹಲಿಗೆ ಓಡಬೇಕಿಲ್ಲ, ಬೆಂಗಳೂರಿನಲ್ಲೇ ಆಗುತ್ತದೆ. ಸಿಒಇ ಕೈಗೆ ಬರುವವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಊರಿಗೆಲ್ಲ ಸಿಹಿ ಹಂಚಬೇಡಿ.

ಡ್ರೈವಿಂಗ್ ಬರುತ್ತದೆ ಅಂತ ಸಂದರ್ಶನದಲ್ಲಿ ಹೇಳಿದ್ದರೆ ಹೊರಡುವ ಮುಂಚೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಒಂದು ವರ್ಷ ನಡೆಯುತ್ತದೆ. ಅಷ್ಟರೊಳಗೆ ಅಲ್ಲಿನ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬೇಕು, ಅದಕ್ಕೆ ಇಲ್ಲಿನ ಮೂಲ ಲೈಸೆನ್ಸೂ ಬೇಕು. ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿನಲ್ಲಿ ಬೇಡ.